ಟಾಕಿಯೊಳಗಿನ ಹೊಳೆ

ಸುಲ್ತಾನಬಿಯ ಮಂಚದ ಕೆಳಗೆ ಡೀಸೆಲ್ ಕ್ಯಾನ್ ಇರುತ್ತದೆಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಕ್ಯಾನಿನ ಮುಚ್ಚಳಕ್ಕೆ ಹಳೆಯ ಹಸಿರು ಸೀರೆಯ ಪಟ್ಟಿ ಸುತ್ತಿ ಅವಳೊಂದು ಗಂಟು ಹಾಕುತ್ತಿದ್ದಳು. ಆ ಗಂಟನ್ನು ಅವಳ ಹೊರತು ಯಾರೂ ಬಿಚ್ಚಲಾರರು, ಬಿಚ್ಚಿದರೂ ಹಾಗೇ ಕಟ್ಟಲಾರರು. ಏಳು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ದಂಡೆಯಲ್ಲಿ ಕಟ್ಟಿದ್ದ ಬೋಟಿನಿಂದ ಡೀಸೆಲ್ಲೆಲ್ಲ ಬಸಿದುಕೊಂಡು ಹೋಗಿದ್ದರು. ಅಂದಿನಿಂದ ಅವಳ ಮನೆಯಲ್ಲಿ ಒಂದೇ ಕಾನೂನು: ಸಂಜೆಗೆ ಬೋಟಿನಲ್ಲಿ ಒಂದು ಹನಿ ಉಳಿಯಬಾರದು. ಎಲ್ಲವೂ ಮನೆಗೆ ಬರಬೇಕು, ಮಂಚದ ಕೆಳಗೆ ಸೇರಬೇಕು, ಬೆಳಗಾದ ಮೇಲೆ ಮತ್ತೆ ಹೋಗಬೇಕು.

"ಹನಿ ಹನಿಗೂಡಿದರ ಹಳ್ಳ" ಎನ್ನುವುದು ಅವಳ ಬಾಯಿಪಾಠ. ಎಣ್ಣೆಗೂ ಅದೇ, ಸಕ್ಕರೆಗೂ ಅದೇ, ಡೀಸೆಲ್ಲಿಗೂ ಅದೇ.

ಆಲಮಟ್ಟಿಯ ಹಿನ್ನೀರಿನ ದಂಡೆಗೆ ಅವರ ಪುನರ್ವಸತಿ ಊರು. ಹಳೇ ಊರು ಈಗ ಹೊಳೆಯ ಹೊಟ್ಟೆಯಲ್ಲಿದೆ. ಆಚೆ ದಂಡೆಯ ಹಳ್ಳಿಗೆ ರಸ್ತೆ ಹಿಡಿದು ಹೋದರೆ ಅರ್ಧ ದಿನ, ಬೋಟಿನಲ್ಲಾದರೆ ಅರ್ಧ ತಾಸು. ಪಂಚಾಯತಿ ಜನರನ್ನು ದಾಟಿಸುವ ಆ ಕಡವನ್ನು ಚಾಂದಸಾಬನ ಮನೆಗೆ ಕೊಟ್ಟಿತ್ತು. ಸುಲ್ತಾನಬಿಯ ಗಂಡ ಚಾಂದಸಾಬ ನಲವತ್ತು ವರ್ಷ ಹುಟ್ಟು ಹಾಕಿ ಮೊಣಕಾಲು ಕಳೆದುಕೊಂಡವನು. ಈಗ ಮಗ ಶಕೀಲ ಇಂಜಿನ್ ನಡೆಸುತ್ತಿದ್ದ. ಒಂದೂವರೆ ವರ್ಷದ ಹಿಂದೆ ಸೊಸೆಯಾಗಿ ಬಂದ ನಿಷತ ಇಂಡಿ ತಾಲೂಕಿನ ಹೊರ್ತಿಯವಳು. ಲಿಂಬೆ ತೋಟದ ಹುಡುಗಿ, ಬಾವಿಯ ತಳ ಕಂಡವಳೇ ಹೊರತು ಹೊಳೆಯ ದಂಡೆ ಕಂಡವಳಲ್ಲ. ಮದುವೆಯಾಗಿ ಬಂದ ಮೊದಲ ದಿನ ಹಿನ್ನೀರು ನೋಡಿ, "ಇಷ್ಟೂ ನೀರೇ?" ಎಂದು ಕೇಳಿ ಮನೆಮಂದಿಯನ್ನೆಲ್ಲ ನಗಿಸಿದ್ದಳು.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಶಕೀಲ ಹಳೇ ಇಂಜಿನ್ ಮಾರಿ ದೊಡ್ಡದೊಂದು ತಂದ. ಹಳೆಯದಕ್ಕೆ ಟಾಕಿಯೇ ಇರಲಿಲ್ಲ, ಪ್ಲಾಸ್ಟಿಕ್ ಕ್ಯಾನಿಗೇ ಪೈಪು ಇಳಿಬಿಡುತ್ತಿದ್ದರು. ಕ್ಯಾನು ಎತ್ತಿಕೊಂಡು ಬಂದರೆ ಮುಗಿಯಿತು. ಹೊಸದಕ್ಕೆ ಇಪ್ಪತ್ತು ಲೀಟರಿನ ತಗಡಿನ ಟಾಕಿ, ಬೋಟಿಗೇ ಬೋಲ್ಟು ಹಾಕಿ ಕೂರಿಸಿದ್ದು. ಇಂಜಿನ್ ಬದಲಾದರೂ ಸುಲ್ತಾನಬಿಯ ಕಾನೂನು ಬದಲಾಗಲಿಲ್ಲ. ದಿನಾ ಸಂಜೆ ಟಾಕಿಯ ತಳದ ನಳ ತಿರುವಿ ಪೂರ್ತಿ ಬಸಿದು ಮನೆಗೆ ತರುವುದು, ಬೆಳಿಗ್ಗೆ ಕ್ಯಾನು ತಲೆಕೆಳಗು ಮಾಡಿ ಕಡೇ ಹನಿಯವರೆಗೆ ಸುರಿಯುವುದು.

ದೀಪಾವಳಿ ದಾಟಿ ಚಳಿ ಬಿತ್ತು. ಒಂದು ಮಂಗಳವಾರ ಉಳ್ಳಾಗಡ್ಡಿ ಚೀಲ, ಎಂಟು ಮಂದಿ, ಒಂದು ಆಡು ಹೇರಿಕೊಂಡು ಹೋಗುತ್ತಿದ್ದ ಬೋಟು ನಡುಹೊಳೆಯಲ್ಲಿ, ಸರಿಯಾಗಿ ಹಳೇ ಊರಿನ ಮೇಲೆ, ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಆಮೇಲೆ ಶುಕ್ರವಾರ, ಅದೇ ಜಾಗ. ಮುಂದಿನ ವಾರ ಮತ್ತೆ. ಮೂರನೇ ಸಲ ಗಾಳಿ ಎದ್ದಿತ್ತು. ಬೋಟು ಅಡ್ಡ ತಿರುಗಿ ತೇಲತೊಡಗಿತು, ಹೆಂಗಸರು ಕೂಗಿಕೊಂಡರು. ಅಂದು ಜೊತೆಗಿದ್ದ ಚಾಂದಸಾಬ ತನ್ನ ಹಾಳಾದ ಮೊಣಕಾಲಲ್ಲೇ ಕೂತು ಹುಟ್ಟು ಹಾಕಿ ದಂಡೆ ಮುಟ್ಟಿಸಿದ.

ಆ ದಿನ ಬೋಟಿನಲ್ಲಿ ಪಂಚಾಯತಿ ಮೆಂಬರ್ ಸಿದ್ಧರಾಮನೂ ಇದ್ದ. ಕೆಟ್ಟ ಮನುಷ್ಯನಲ್ಲ. ಆದರೆ ದಂಡೆಗೆ ಇಳಿದವನೇ ಚಾಂದಸಾಬನ ಕಡೆ ತಿರುಗಿದ.

"ಚಾಂದಸಾಬ, ನಿನ್ನ ಮಾರಿ ನೋಡಿ ಸುಮ್ಮಿದ್ದೇನಿ. ಇನ್ನೊಮ್ಮೆ ನಡುಹೊಳಿಯಾಗ ನಿಂತರ ಕಡವು ಬ್ಯಾರೇದವರಿಗೆ ಕೊಡಬೇಕಾಗ್ತೈತಿ. ಜೀವದ ಮಾತು ಇದು."

ಶಕೀಲ ಫಿಲ್ಟರ್ ಬಿಚ್ಚಿಕೊಂಡು ನಿಡಗುಂದಿಯ ಮೆಕ್ಯಾನಿಕ್ ಶಾನವಾಜನ ಹತ್ತಿರ ಓಡಿದ. ಶಾನವಾಜ ಅದನ್ನು ಅಂಗೈ ಮೇಲೆ ಬಗ್ಗಿಸಿ, ಬೆರಳಿಂದ ಉಜ್ಜಿ, ಒಂದೇ ಮಾತು ಹೇಳಿ ಕಳಿಸಿದ: "ಡೀಸೆಲ್ಲಿನ್ಯಾಗ ನೀರು ಐತಿ. ಎಲ್ಲಿಂದ ಬರ್ತೈತಿ ಅನ್ನೋದು ನೀವ ಹುಡುಕ್ರಿ."

ನೀರು ಎಂಬ ಮಾತು ಕೇಳಿದ್ದೇ ತಡ, ಸುಲ್ತಾನಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಡವಿಗೇ ಹೋದಳು. ಬೋಟಿಗಾಗಿ ಕಾದು ಕೂತವರ ಮುಂದೆ ನಿಂತು ಹೇಳಿದಳು: "ಯಾರದೋ ಕೈ ನನ್ನ ಡೀಸೆಲ್ಲಿಗೆ ನೀರು ಹಾಕಾಕತ್ತೈತಿ. ಆ ಕೈ ಸಿಗಲಿ, ಅಲ್ಲಾನ ಆಣಿ, ಇದ ಮಂದಿ ಮುಂದ ಹೆಸರು ಹಿಡದು ಹೇಳ್ತೇನಿ. ನನ್ನ ಮಗನ ಆಗಿರಲಿ, ಬಿಡಂಗಿಲ್ಲ."

ಆಶಾ ಕಾರ್ಯಕರ್ತೆ ಸುವರ್ಣಾ ತನ್ನ ಚೀಲ ಎದೆಗವಚಿಕೊಂಡು, "ಅಕ್ಕಾ, ಸಾವಕಾಶ" ಎಂದಳು. ಸುಲ್ತಾನಬಿಗೂ ಸಾವಕಾಶಕ್ಕೂ ಹುಟ್ಟಿದಾಗಿನಿಂದ ಪರಿಚಯವಿರಲಿಲ್ಲ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಮೀನಿನ ಸಾರು, ಹೊರ್ತಿಯಿಂದ ಬಂದ ಲಿಂಬೆ ಉಪ್ಪಿನಕಾಯಿ. ನಾಲ್ವರೂ ಸುತ್ತ ಕೂತಿದ್ದರು.

"ಬಂಕಿನವರದ ಕೈ" ಎಂದ ಚಾಂದಸಾಬ. "ಅಲ್ಲೇ ನೀರು ಬೆರೀತೈತಿ."

"ಅಬ್ಬಾ, ಅದ ಬಂಕಿನ ಡೀಸೆಲ್ ಟ್ರ್ಯಾಕ್ಟರಿನವರೂ ಹಾಕಸ್ತಾರ. ಯಾರ ಟ್ರ್ಯಾಕ್ಟರೂ ನಿಂತಿಲ್ಲ" ಎಂದು ಶಕೀಲ ತಂದೆಗೆ ಹೇಳಿದ.

ಸುಲ್ತಾನಬಿ ತಲೆ ಎತ್ತದೆ ಹೇಳಿದಳು: "ಹೊರಗ ಯಾಕ ಹುಡುಕ್ತೀರಿ? ಆಲಿಕಿ ತೊಳದಾಕಿ ಒಳಗ ಕುಂತಾಳ."

ನಿಷತಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಡೀಸೆಲ್ ಸುರಿಯುವ ತಗಡಿನ ಆಲಿಕೆ ಮಸಿ ಹಿಡಿದಿದೆಯೆಂದು ಅವಳು ಒಮ್ಮೆ ಸಾಬೂನು ಹಚ್ಚಿ ತೊಳೆದದ್ದು ನಿಜ.

"ಅತ್ತಿ, ಒಮ್ಮೆ ತೊಳದೇನ್ರಿ. ಅದೂ ಎರಡು ದಿನ ಬಿಸಲಾಗ ಒಣಗಿಸೀನಿ."

"ಒಂದು ಹನಿ ಸಾಕವಾ. ನಮ್ಮ ಏಳು ವರ್ಷದಾಗ ಆಗಿರಲಿಲ್ಲ ಇದು."

"ಅಮ್ಮಾ!" ಎಂದ ಶಕೀಲ.

"ನೀ ಸುಮ್ಮಿರು. ನಾಳಿಯಿಂದ ಕ್ಯಾನು ನಾನ ಮುಟ್ತೇನಿ. ನಾನ ಸುರೀತೇನಿ."

ಹೇಳಿದಂತೆಯೇ ಮಾಡಿದಳು. ಅರವತ್ತರ ಹೆಂಗಸು ನಸುಕಿನಲ್ಲಿ ಕ್ಯಾನು ಹೊತ್ತು ಇಳಿಜಾರಿನಲ್ಲಿ ಇಳಿಯುವುದು, ಟಾಕಿಗೆ ಸುರಿದು, ಕ್ಯಾನು ಬೋರಲು ಹಾಕಿ ತಳ ತಟ್ಟಿ ಕಡೇ ಹನಿ ಬೀಳುವ ತನಕ ಕಾಯುವುದು. ಬರಿಗೈಲಿ ನಿಂತ ಸೊಸೆ ದೂರದಿಂದ ನೋಡುತ್ತಿದ್ದಳು. ಅವಳಿಗೆ ಈಗ ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು ಇಷ್ಟೇ. ಕಡವಿಗೆ ಬರುವ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು.

ಹತ್ತನೇ ದಿನ ಬೋಟು ಮತ್ತೆ ನಿಂತಿತು. ಪುಣ್ಯಕ್ಕೆ ಆಗ ಅದರಲ್ಲಿ ತಂದೆ ಮಗ ಇಬ್ಬರೇ, ಮೀನಿನ ಬಲೆ ತೆಗೆಯಲು ಹೋದವರು. ಸುದ್ದಿ ಸಿದ್ಧರಾಮನಿಗೆ ಮುಟ್ಟಲಿಲ್ಲ. ಆದರೆ ಸುಲ್ತಾನಬಿಯ ಒಳಗೆ ಮುಟ್ಟಬೇಕಾದಲ್ಲಿ ಮುಟ್ಟಿತು. ಕ್ಯಾನು ತನ್ನದು, ಗಂಟು ತನ್ನದು, ಸುರಿದದ್ದು ತಾನು. ಹಾಗಾದರೆ? ತಪ್ಪು ಒಪ್ಪಿಕೊಳ್ಳುವುದು ಅವಳಿಗೆ ಬಿಸಿತುಪ್ಪವಾಯಿತು, ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ಹೀಗಿದ್ದಾಗ ಮನುಷ್ಯರು ಮಾಡುವುದನ್ನೇ ಅವಳೂ ಮಾಡಿದಳು: ದನಿ ಏರಿಸಿದಳು.

"ದಿನಾ ಅರಿವಿ ಒಗಿಯಾಕ ಬೋಟಿನ ಬಾಜೂಕ ಹೋಗಾಕಿ ಯಾರು? ಟಾಕಿ ಅಲ್ಲೇ ಇರ್ತೈತಿ. ಸ್ವಲ್ಪ ದಿನ ತವರಿಗೆ ಹೋಗಿ ಬರ್ಲಿ. ಆಗ ತಿಳೀತೈತಿ ಯಾರ ಕೈ ಅಂತ."

ಚಾಂದಸಾಬ ಬೀಡಿ ಕೆಳಗಿಟ್ಟ. "ಸುಲ್ತಾನ, ನಾಲಿಗಿ ಹಿಡಿ."

"ನಲವತ್ತು ವರ್ಷದ ಕಡವು ಹೋಗಾಕತ್ತೈತಿ. ನಾಲಿಗಿ ಹಿಡದು ಏನು ಮಾಡ್ಲಿ?"

ನಿಷತ ಅಳಲಿಲ್ಲ. ಒಳಗೆ ಹೋಗಿ ಚೀಲಕ್ಕೆ ನಾಲ್ಕು ಬಟ್ಟೆ ತುಂಬಿದಳು, ಅಮ್ಮನಿಗೆಂದು ಒಣಮೀನಿನ ಪೊಟ್ಟಣವನ್ನೂ ಇಟ್ಟಳು. ಹೊರಬಂದು ಅತ್ತೆಯ ಎದುರಿಗೆ ನಿಂತಳು.

"ಹೋಗ್ತೇನ್ರಿ ಅತ್ತಿ. ಖರೆ, ಕಳ್ಳಿ ಅನಿಸ್ಕೊಂಡು ಹೋಗಂಗಿಲ್ಲ. ಇವತ್ತು ಸಂಜಿಗೆ ಟಾಕಿ ಖಾಲಿ ಮಾಡಿದ ಮ್ಯಾಲ ನೀವ ನಿಮ್ಮ ಕೈಯಾರೆ ಒಳಗ ಒಣಾ ಅರಿವಿ ಹಾಕಿ ಒರಸ್ರಿ. ಮುಚ್ಚಳಾ ಹಾಕಿ ನಿಮ್ಮ ಹಸರು ಪಟ್ಟಿ ಕಟ್ರಿ, ನಿಮ್ಮ ಗಂಟು ಹಾಕ್ರಿ. ನಾ ನಿಮ್ಮ ಬಾಜೂಕ ಮಲಗ್ತೇನಿ. ನಸುಕಿನ್ಯಾಗ ಇಬ್ಬರೂ ಹೋಗಿ ತಗದು ನೋಡೂಣು. ಟಾಕಿ ಒಣಗಿದ್ದರ ಆರರ ಬಸ್ಸಿಗೆ ನಾ ಹತ್ತಿ ಹೋಗ್ತೇನಿ."

"ಒಣಗಿರದ ಏನಾಗ್ತೈತಿ? ಮುಚ್ಚಿದ ಟಾಕಿ ಅದು."

"ನಮ್ಮಪ್ಪ ಲಿಂಬಿ ತ್ವಾಟದ ಪಂಪ್‌ಸೆಟ್ಟಿಗೆ ಸಂಜಿಮುಂದ ಟಾಕಿ ತುಂಬಿಸೇ ಮನಿಗೆ ಬರ್ತಿದ್ದ. ಯಾಕಪ್ಪಾ ಅಂದರ, ಖಾಲಿ ಟಾಕಿ ರಾತ್ರಿ ಬೆವರ್ತೈತಿ ಅಂತಿದ್ದ. ನಾ ಸಣ್ಣಾಕಿ, ನಕ್ಕು ಬಿಟ್ಟಿದ್ದೆ. ಈಗ ಹಾಸಿಗ್ಯಾಗ ಬಿದ್ದು ವಿಚಾರ ಮಾಡಿದ ಮ್ಯಾಲ ನೆನಪಾತು."

ತಗಡು ಬೆವರುವುದಂತೆ! ಸುಲ್ತಾನಬಿಗೆ ನಗು ಬಂತು. ನೀರಿಲ್ಲದ ಸೀಮೆಯಿಂದ ಬಂದ ಹುಡುಗಿ ಹೊಳೆಯವರಿಗೆ ನೀರಿನ ಪಾಠ ಹೇಳುತ್ತಿದೆ. ಆದರೂ ಒಪ್ಪಿದಳು, ಗೆಲ್ಲುವ ಪಂದ್ಯವೆಂದೇ ಒಪ್ಪಿದಳು. ಆ ಸಂಜೆ ಒಣ ಧೋತರದ ತುಂಡನ್ನು ಕೋಲಿಗೆ ಸುತ್ತಿ ಟಾಕಿಯ ಮೂಲೆಮೂಲೆ ಒರೆಸಿದಳು. ಕೈ ಹಾಕಿ ತಡವಿದಳು. ಒಲೆಯ ಮೇಲಿನ ಹಂಚಿನಷ್ಟು ಒಣಗಿತ್ತು. ಮುಚ್ಚಳ ಬಿಗಿದು, ಪಟ್ಟಿ ಸುತ್ತಿ, ಒಂದಲ್ಲ ಎರಡು ಗಂಟು ಹಾಕಿದಳು.

ನಸುಕಿನಲ್ಲಿ ಅತ್ತೆ ಸೊಸೆ ದಂಡೆಗಿಳಿದರು. ಹಿನ್ನೀರಿನ ಮೇಲೆ ಮಂಜು ಕೂತಿತ್ತು. ಆಚೆ ದಂಡೆಯೂ ಇಲ್ಲ, ಆಕಾಶವೂ ಇಲ್ಲ, ಎಲ್ಲ ಒಂದೇ ಬಿಳುಪು. ಸುಲ್ತಾನಬಿ ಗಂಟುಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ಪರೀಕ್ಷಿಸಿದಳು. ಎರಡೂ ತನ್ನವೇ. ಯಾರೂ ಮುಟ್ಟಿರಲಿಲ್ಲ. ಪಟ್ಟಿ ಮಾತ್ರ ಹಸಿಯಾಗಿತ್ತು.

"ತಗೀರಿ ಅತ್ತಿ" ಎಂದು ನಿಷತ ಮೊಬೈಲಿನ ಬೆಳಕು ಹಚ್ಚಿದಳು.

ಸುಲ್ತಾನಬಿ ಮುಚ್ಚಳ ತಿರುವಿ ಬಾಗಿ ನೋಡಿದಳು. ನೋಡಿದವಳು ಹಾಗೇ ಉಳಿದಳು.

ಟಾಕಿಯೊಳಗಿನ ಮಾಳಿಗೆಯ ತುಂಬ ಹನಿಗಳು. ಸಾಸಿವೆಯಷ್ಟು ಸಣ್ಣವು, ಜೋಳದ ಕಾಳಿನಷ್ಟು ದಪ್ಪವು, ಸಾಲು ಸಾಲಾಗಿ ತಲೆಕೆಳಗೆ ಜೋತು ನಿಂತಿದ್ದವು. ಬೆಳಕು ಬಿದ್ದಲ್ಲೆಲ್ಲ ಮಿನುಗಿದವು. ಅವಳು ನೋಡುತ್ತಿದ್ದಂತೆಯೇ ಒಂದು ಹನಿ ಪಕ್ಕದ ಹನಿಯನ್ನು ಕೂಡಿತು, ಎರಡೂ ಕೂಡಿ ಮೂರನೆಯದನ್ನು ಸೇರಿದವು, ಭಾರವಾಗಿ ಗೋಡೆ ಹಿಡಿದು ಜಾರಿ ತಳಕ್ಕಿಳಿದವು. ತಳದಲ್ಲಿ ಆಗಲೇ ಒಂದು ಚಮಚೆಯಷ್ಟು ನೀರು ನಿಂತಿತ್ತು, ತಿಳಿಯಾಗಿ, ಕುಡಿಯಬಹುದೇನೋ ಎಂಬಂತೆ.

"ಯಾ ಅಲ್ಲಾ" ಎಂದಳು ಸುಲ್ತಾನಬಿ.

ಹುಟ್ಟಿದಾಗಿನಿಂದ ಅವಳು ಈ ಹೊಳೆಯನ್ನು ಕಂಡಿದ್ದಳು. ಅದು ಬೇಸಿಗೆಯಲ್ಲಿ ಬತ್ತುವುದನ್ನು, ಮಳೆಗಾಲದಲ್ಲಿ ಉಕ್ಕುವುದನ್ನು ಕಂಡಿದ್ದಳು. ಅಣೆಕಟ್ಟಿನ ನೀರು ಅಂಗಳಕ್ಕೆ ಬಂದು, ಹೊಸ್ತಿಲು ದಾಟಿ, ತನ್ನ ಒಲೆಯನ್ನೇ ಮುಳುಗಿಸಿದ್ದನ್ನು ಕಂಡಿದ್ದಳು. ಆದರೆ ಅದು ಕಣ್ಣಿಗೆ ಕಾಣುವ ದಾರಿಯಿಂದಲೇ ಬಂದಿತ್ತು. ಇದು ಯಾವ ದಾರಿ? ಬೀಗವಿಲ್ಲ, ಕಳ್ಳನಿಲ್ಲ, ಕೈಯಿಲ್ಲ. ಗಾಳಿಯಾಡಲೆಂದು ಮುಚ್ಚಳಕ್ಕೆ ಮಾಡಿದ್ದ ಸೂಜಿ ತೂತಿನಿಂದ ಉಸಿರು ಎಳೆದುಕೊಂಡ ಬರೀ ಗಾಳಿ ರಾತ್ರಿಯ ತಣ್ಣನೆ ತಗಡಿಗೆ ತಾಗಿ ನೀರಾಗಿ ನಿಂತಿತ್ತು. ತನ್ನ ಸುತ್ತಲಿನ ಈ ಬಿಳುಪೆಲ್ಲ ಹೊಳೆಯೇ, ತಾನೀಗ ಉಸಿರಾಡುತ್ತಿರುವುದೂ ಹೊಳೆಯನ್ನೇ ಎನಿಸಿ ಅವಳಿಗೆ ಮೈ ಜುಮ್ಮೆಂದಿತು.

"ಗಾಳಿಯಾಗ ಇಷ್ಟು ನೀರು ಇರ್ತೈತೇನ?" ಎಂದಳು. ಸಣ್ಣ ಹುಡುಗಿ ಕೇಳಿದಂತಿತ್ತು.

"ನಮ್ಮೂರಾಗ ಇಷ್ಟು ಇಲ್ರಿ. ಇಲ್ಲಿ ಹೊಳಿ ಬಾಜೂಕ, ಭಾಳ ಇರ್ತೈತಿ" ಎಂದಳು ನಿಷತ. ಅವಳ ದನಿಯಲ್ಲಿ ಗೆದ್ದ ಗತ್ತು ಇರಲಿಲ್ಲ, ಅವಳೂ ಬಾಯಿ ತೆರೆದು ನೋಡುತ್ತಿದ್ದಳು. "ದಿನಾ ಒಂದು ಚಮಚಿ. ಡೀಸೆಲ್ಲಿಗಿಂತ ನೀರು ಭಾರ, ತಳಕ್ಕ ಕುಂದರ್ತೈತಿ. ಸಂಜಿಗೆ ನಳಾ ಬಿಟ್ಟರ ಡೀಸೆಲ್ ಜೋಡಿ ಅದೂ ಕ್ಯಾನಿಗೆ ಬರ್ತೈತಿ..."

ಮುಂದಿನದನ್ನು ಸೊಸೆ ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ. ಕ್ಯಾನು ಬೋರಲು ಹಾಕಿ, ತಳ ತಟ್ಟಿ, ಕಡೇ ಹನಿಯ ತನಕ ಅದನ್ನು ಮತ್ತೆ ಟಾಕಿಗೆ ಸುರಿಯುತ್ತಿದ್ದವಳು ಯಾರು? ನಿನ್ನೆಯ ಚಮಚೆ, ಮೊನ್ನೆಯ ಚಮಚೆ, ಒಂದನ್ನೂ ಬಿಡದೆ ಜೋಪಾನ ಮಾಡಿ ಕೂಡಿಸಿದವಳು? ಪೈಪಿನಲ್ಲಿದ್ದ ಡೀಸೆಲ್ ನಡುಹೊಳೆಯ ತನಕ ಸಾಲುತ್ತಿತ್ತು, ಅಲ್ಲಿಂದ ಮುಂದೆ ಇಂಜಿನ್ನಿನ ಬಾಯಿಗೆ ನೀರು. ಹನಿ ಹನಿಗೂಡಿದರೆ ಹಳ್ಳ. ಸುಲ್ತಾನಬಿ ಬೋಟಿನ ಅಂಚು ಹಿಡಿದು ಕೂತುಬಿಟ್ಟಳು.

ಮೇಲೆ ರಸ್ತೆಯಲ್ಲಿ ಆರರ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಇಬ್ಬರೂ ಅತ್ತ ನೋಡಲಿಲ್ಲ.

ಮನೆಗೆ ಬಂದ ಸುಲ್ತಾನಬಿ ಸೊಸೆಯ ಚೀಲ ಬಿಚ್ಚಿ ಒಣಮೀನು ತೆಗೆದು ಒಲೆಯ ಮೇಲಿನ ಸಾರಿಗೆ ಹಾಕಿದಳು. ತಪ್ಪಾಯಿತೆಂದು ಬಾಯಿ ಬಿಟ್ಟು ಹೇಳಲಿಲ್ಲ. ಕಡವಿನಲ್ಲಿ ಮಾಡಿದ ಆಣೆ ಮಾತ್ರ ಎದೆಯಲ್ಲಿ ಕೂತು ಒತ್ತುತ್ತಿತ್ತು.

ಆ ಭಾನುವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಸುವರ್ಣಾ ಲಸಿಕೆಯ ಡಬ್ಬಿ ಹಿಡಿದು ಆಚೆ ದಂಡೆಗೆ ಹೋಗಬೇಕು, ಜೊತೆಗೆ ಸಿದ್ಧರಾಮನೂ ಬರುತ್ತಾನೆ. ಅಂದು ನಿಂತರೆ ಕಡವು ಹೋಯಿತು. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಶಕೀಲ ಮೆಲ್ಲಗೆ ಮಾತೆತ್ತಿದ.

"ಅಮ್ಮಾ, ಟಾಕಿ ಕಂಠಮಟ ತುಂಬಿಸಿ ಬಿಡಬೇಕು. ಗಾಳಿಗೆ ಜಾಗಾನ ಇರಬಾರದು. ಇಪ್ಪತ್ತು ಲೀಟರ್."

"ಹೊಳಿದಂಡಿಯಾಗ? ರಾತ್ರಿಯೆಲ್ಲಾ?"

"ಹೌದು."

ಸುಲ್ತಾನಬಿ ಪುಂಡಿಪಲ್ಯದಲ್ಲಿ ಬೆರಳಾಡಿಸಿದಳು. ಏಳು ವರ್ಷದ ನಿದ್ದೆ ಆ ಕ್ಯಾನಿನ ಮೇಲೆ ಮಲಗಿತ್ತು.

"ನಾ ಬೋಟಿನ್ಯಾಗ ಮಲಗ್ತೇನಿ ತಗೋ" ಎಂದ ಚಾಂದಸಾಬ. "ನಲವತ್ತು ವರ್ಷ ಅದರಾಗ ಕುಂತೇನಿ. ಒಂದು ರಾತ್ರಿ ಮಲಗಾಕ ಏನು ಧಾಡಿ?"

"ನಿಮ್ಮ ಮೊಣಕಾಲು?"

"ಅದೂ ಜೋಡಿ ಬರ್ತೈತಿ."

ಅವತ್ತು ಸಂಜೆ ಸುಲ್ತಾನಬಿಯೇ ಮಂಚದ ಕೆಳಗಿನ ಕ್ಯಾನು ಎಳೆದಳು, ಗಂಟು ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. ನಿಷತ ಒಣ ಬಟ್ಟೆಯಲ್ಲಿ ಸೋಸಿ ನಿಧಾನಕ್ಕೆ ಸುರಿದಳು. ಕಂಠದವರೆಗೆ ತುಂಬಿಸಲು ಶಕೀಲ ಹೊಸ ಡೀಸೆಲ್ ತಂದಿಟ್ಟಿದ್ದ. ಕ್ಯಾನಿನ ತಳದಲ್ಲಿ ಎರಡು ಬೆರಳಷ್ಟು ಉಳಿದಾಗ ನಿಷತ ಕೈ ನಿಲ್ಲಿಸಿದಳು.

"ಇದು ಬ್ಯಾಡ್ರಿ ಅತ್ತಿ. ನೀರು ಇರೂದ ಇದರಾಗ."

ಸುಲ್ತಾನಬಿಯ ಕೈ ಬೋರಲು ಹಾಕಲು ತಾನಾಗಿಯೇ ಮುಂದೆ ಬಂದಿತ್ತು. ಅವಳು ಅದನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡಳು.

ಮರುದಿನ ಬೆಳಿಗ್ಗೆ ಬೋಟಿನಲ್ಲಿ ಎದ್ದು ಕೂತ ಚಾಂದಸಾಬನ ಬಿಳಿ ಗಡ್ಡದ ತುಂಬ ಸಣ್ಣ ಸಣ್ಣ ಹನಿಗಳಿದ್ದವು. ಟಾಕಿಯೊಳಗೆ ಕಂಡ ಅವೇ ಹನಿಗಳು. ಸುಲ್ತಾನಬಿ ಸೆರಗಿನಿಂದ ಒರೆಸಿ, ಒರೆಸಿದ ಸೆರಗನ್ನು ಬೆರಗಿನಿಂದ ನೋಡಿಕೊಂಡಳು. ಟಾಕಿಯ ನಳ ತಿರುವಿ ಮೊದಲ ಅರ್ಧ ಬಟ್ಟಲನ್ನು ಗಾಜಿನ ಬಾಟಲಿಗೆ ಹಿಡಿದರು. ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಒಂದೇ ಒಂದು ಹನಿ, ಕಡಲೆಯಷ್ಟು ದುಂಡಗೆ ಉರುಳಾಡುತ್ತಿತ್ತು. ಅದನ್ನು ಬೇರೆ ಎತ್ತಿಟ್ಟರು.

ಅಂದು ಸುಲ್ತಾನಬಿಯೂ ಬೋಟು ಹತ್ತಿದಳು. ಹೊಳೆಯ ಮೇಲೆ ಅವಳು ಬಂದು ವರ್ಷಗಳಾಗಿದ್ದವು. ಸೊಸೆ ಟಾಕಿಯ ಪಕ್ಕ ಕೂತಳು, ಸುವರ್ಣಾ ಡಬ್ಬಿ ಮಡಿಲಲ್ಲಿಟ್ಟುಕೊಂಡಳು, ಸಿದ್ಧರಾಮ ಅಂಚನ್ನು ಎರಡೂ ಕೈಯಿಂದ ಹಿಡಿದ. ಇನ್ನೂ ಆರೇಳು ಮಂದಿಯಿದ್ದರು, ಹೆಚ್ಚಿನವರು ಆಣೆ ಕೇಳಿದವರೇ. ಇಂಜಿನ್ ಹತ್ತಿತು.

ಹಳೇ ಊರು ಹತ್ತಿರವಾದಂತೆ ಚಾಂದಸಾಬ ಹುಟ್ಟಿನ ಮೇಲೆ ಕೈಯಿಟ್ಟ. ಕೆಳಗೆಲ್ಲೋ ಮಸೀದಿಯ ಕಟ್ಟೆ, ಬಸವಣ್ಣನ ಗುಡಿ, ಸುಲ್ತಾನಬಿಯ ಹಳೇ ಒಲೆ. ಅವಳು ನೀರನ್ನೇ ನೋಡುತ್ತಿದ್ದಳು. ಎಷ್ಟೊಂದು ನೀರು! ಊರು ನುಂಗುವಷ್ಟು ದೊಡ್ಡದು, ಸೂಜಿ ತೂತಿನಲ್ಲಿ ನುಸುಳುವಷ್ಟು ಸಣ್ಣದು. ಇಂಜಿನ್ ಒಂದೇ ಸಮನೆ ಬಡಿಯುತ್ತಿತ್ತು. ಕೆಮ್ಮಲಿಲ್ಲ. ಊರು ಹಿಂದೆ ಸರಿಯಿತು.

ಸಿದ್ಧರಾಮ ಕೈ ಸಡಿಲಿಸಿ ನಕ್ಕ. "ಶಾಬಾಸ್ ಶಕೀಲ! ಕಡವು ನಿಮ್ಮದ ತಗೋರಿ. ಮತ್ತ ಅಕ್ಕಾ, ಆ ನೀರು ಹಾಕೋ ಕೈ ಸಿಕ್ತೇನು? ಹೆಸರು ಹಿಡದು ಹೇಳ್ತೇನಿ ಅಂದಿದ್ದಿ."

ನಿಷತ ತಲೆ ತಗ್ಗಿಸಿದಳು. ಎಲ್ಲರ ಕಣ್ಣೂ ಮೊದಲು ಹೋದದ್ದು ಅವಳ ಕಡೆಗೇ. ಅದನ್ನು ಸುಲ್ತಾನಬಿ ನೋಡಿದಳು. ಅವರ ಕಣ್ಣಿಗೆ ಆ ದಾರಿ ತೋರಿಸಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಗಂಡನ ಹೆಗಲ ಮೇಲೆ ಕೈಯೂರಿ, ನಡುಹೊಳೆಯಲ್ಲಿ, ಓಡುವ ಬೋಟಿನಲ್ಲಿ ಎದ್ದು ನಿಂತಳು.

"ಸಿಕ್ತಪಾ" ಎಂದು ತನ್ನ ಬಲಗೈ ಎತ್ತಿ ಹಿಡಿದಳು. "ಈ ಕೈ. ಹೆಸರು ಸುಲ್ತಾನಬಿ. ಖಾಲಿ ಟಾಕಿ ರಾತ್ರಿ ಗಾಳಿಯಾಗಿನ ನೀರು ಕುಡೀತೈತಿ, ಅದನ್ನ ನಾ ದಿನಾ ಜ್ವಾಪಾನ ಮಾಡಿ ತಿರುಗಿ ಹಾಕ್ತಿದ್ದೆ. ಕಳ್ಳರು ಬರ್ತಾರಂತ ಕಾದೆ, ಹೊಳೀನ ಟಾಕಿ ಒಳಗ ಬಂತು. ಈ ಹುಡುಗಿ ಮ್ಯಾಲ ಹಾಕಿದ್ದೆ ತಪ್ಪು. ಇದನ್ನ ಕಂಡು ಹಿಡದಾಕಿ ಇಕಿ. ಹೊರ್ತಿಯಾಕಿ."

ಸುವರ್ಣಾ ಕಣ್ಣೊರೆಸಿಕೊಂಡಳು. ನಿಷತ ಅತ್ತೆಯ ಸೆರಗು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದಳು.

"ಕುಂದರ್ರಿ ಅತ್ತಿ, ಬೋಟು ವಾಲಾಕತ್ತೈತಿ."

ಸುಲ್ತಾನಬಿ ಸೊಸೆಯ ಪಕ್ಕದಲ್ಲಿ, ತುಂಬಿದ ಟಾಕಿಗೆ ಬೆನ್ನು ಕೊಟ್ಟು ಕೂತಳು.